ದಾಲ್ ಮಿಲ್ಲಿನ ಸಾಫ್ಟ್‌ವೇರ್: ಎಲ್ಲಿ ಒಡೆದೆವು, ಎಲ್ಲಿ ಒಡೆಯಲಿಲ್ಲ

ನಾನು ಮತ್ತು ನನ್ನ ಜೊತೆಗಾರ ಸೇರಿ ಕಲಬುರಗಿಯ ದಾಲ್ ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಗೇಟಿನಲ್ಲಿ ಲಾರಿ ತೂಗುವುದರಿಂದ ಹಿಡಿದು, ಬೇಳೆ ಚೀಲಕ್ಕಿಳಿದು ಬಿಲ್ಲಿನ ಜೊತೆ ಹೊರಗೆ ಹೋಗುವವರೆಗೆ ಎಲ್ಲ ಲೆಕ್ಕ ಅದರಲ್ಲೇ ನಡೆಯುತ್ತದೆ. ಬೆಂಗಳೂರಿನ ಗೆಳೆಯರು ಮಾತಿಗೆ ಸಿಕ್ಕಾಗ ಮೊದಲು ಕೇಳುವುದು "ಎಷ್ಟು ಸರ್ವಿಸ್ ಇದಾವೆ?" ಅಂತ. ಸರ್ವಿಸ್ ಅಂದರೆ ಬೇರೆಯಾಗಿ ತಾನೇ ಓಡುವ, ಉಳಿದವುಗಳ ಜೊತೆ ನೆಟ್‌ವರ್ಕ್ ಮೇಲೆ ಮಾತಾಡುವ ಪ್ರೋಗ್ರಾಂ. ಎರಡು ಅಂದರೆ ನಗುತ್ತಾರೆ. ಯಾಕೆ ಎರಡು, ಯಾಕೆ ಹನ್ನೆರಡಲ್ಲ ಅನ್ನುವುದೇ ಈ ಬರಹ.

ಮೊದಲು ಕೆಲಸ ಹೇಗಿದೆ ಅಂತ ಹೇಳಿಬಿಡುತ್ತೇನೆ. ಡಿಸೆಂಬರ್ ಹೊತ್ತಿಗೆ ತೊಗರಿ ಕೊಯ್ಲು ಶುರು. ಆಮೇಲೆ ಕೆಲವು ತಿಂಗಳು ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿಂದ ಮಾಲು ಮಿಲ್ಲಿಗೆ ಬರುತ್ತದೆ. ಲಾರಿ ಕಾಂಟಾ, ಅಂದರೆ ತೂಕದ ಸೇತುವೆ, ಮೇಲೆ ಹತ್ತುತ್ತದೆ, ತುಂಬಿದ ತೂಕ ಬೀಳುತ್ತದೆ. ಮಾಲು ಇಳಿದ ಮೇಲೆ ಖಾಲಿ ತೂಕ. ನಡುವೆ ತೇವಾಂಶ, ಕಸಕಡ್ಡಿ ನೋಡುತ್ತಾರೆ. ಬಾರದಾನದ (ಖಾಲಿ ಚೀಲದ) ತೂಕ ಕಳೆಯಬೇಕು, ಹಮಾಲಿ ಹಿಡಿಯಬೇಕು. ಒಳಗೆ ಹೋದ ತೊಗರಿಯನ್ನು ಹಸನು ಮಾಡಿ, ಎಣ್ಣೆ ಹಚ್ಚಿ, ಒಣಗಿಸಿ, ಸಿಪ್ಪೆ ತೆಗೆದು ಒಡೆಯುತ್ತಾರೆ. ಒಂದು ಕ್ವಿಂಟಲಿಗೆ ಸುಮಾರು 70ರಿಂದ 75 ಕೆಜಿ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ಚುನ್ನಿ, ನುಚ್ಚು. ಅವನ್ನೂ ಮಾರುತ್ತಾರೆ. ಅಂದರೆ ಒಂದು ಮಾಲು ಒಳಗೆ ಹೋಗಿ ನಾಲ್ಕೈದು ಮಾಲಾಗಿ ಹೊರಗೆ ಬರುತ್ತದೆ.

ಈಗ ಎಷ್ಟು ಭಾರ ಬೀಳುತ್ತದೆ ಅನ್ನುವ ಲೆಕ್ಕ. ಒಂದು ಲಾರಿ ಕಾಂಟಾ ಹತ್ತಿ ಇಳಿಯಲು ಮೂರು ನಿಮಿಷ ಸಾಕು ಅಂದುಕೊಳ್ಳಿ. ಗಂಟೆಗೆ 20 ತೂಕ. ದಿನಕ್ಕೆ 12 ಗಂಟೆ ಬಿಡುವಿಲ್ಲದೆ ನಡೆದರೆ 240. ಒಂದು ತೂಕದ ಹಿಂದೆ ಡೇಟಾಬೇಸಿನಲ್ಲಿ 50 ಸಾಲು ಬರೆದರೂ ದಿನಕ್ಕೆ 12,000 ಸಾಲು. ಸಾಧಾರಣ ಕಂಪ್ಯೂಟರಿನಲ್ಲಿ ಕೂತ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಷ್ಟನ್ನು ಉಸಿರು ಬಿಡುವಷ್ಟರಲ್ಲಿ ಮುಗಿಸುತ್ತದೆ. ಎರಡು ಕಾಂಟಾ ಹಾಕಿದರೂ ಕಥೆ ಅದೇ. ಈ ಲೆಕ್ಕ ಹಾಕಲು ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕು. ಆದರೂ ಬಹಳ ಜನ ಇದನ್ನು ಹಾಕದೆಯೇ ಹಲವು ಕಂಪ್ಯೂಟರುಗಳ ಮೇಲೆ ಹತ್ತಾರು ಸರ್ವಿಸ್ ಓಡಿಸುವ ಕುಬರ್ನೆಟಿಸ್ ಕ್ಲಸ್ಟರ್ ಎಬ್ಬಿಸುತ್ತಾರೆ.

ಹಾಗಾದರೆ ನಿಜವಾದ ಕಷ್ಟ ಎಲ್ಲಿದೆ? ಕಪನೂರ ಕೈಗಾರಿಕಾ ಪ್ರದೇಶದ ಒಬ್ಬ ಸಾಹುಕಾರರು ಅದನ್ನು ಒಂದೇ ಮಾತಿನಲ್ಲಿ ಹೇಳಿದರು: "ನೆಟ್ ಹೋಗ್ಲಿ, ಕರೆಂಟ್ ಹೋಗ್ಲಿ, ಲಾರಿ ನಿಲ್ಲಂಗಿಲ್ಲ ನೋಡ್ರಿ." ಎರಡನೆಯದು, ಒಮ್ಮೆ ಬಿದ್ದ ತೂಕ ಕಳೆದುಹೋಗಬಾರದು. ಮೂರನೆಯದು, ಸರ್ಕಾರದ ನಿಯಮ ಬದಲಾದರೆ ಒಂದೆರಡು ದಿನದಲ್ಲಿ ನಮ್ಮ ಬಿಲ್ಲೂ ಬದಲಾಗಬೇಕು. ನಾಲ್ಕನೆಯದು ನಮ್ಮದೇ: ಕೋಡ್ ನೋಡಿಕೊಳ್ಳುವವರು ಇಬ್ಬರೇ. ನಮ್ಮ ಆರ್ಕಿಟೆಕ್ಚರ್, ಅಂದರೆ ಸಾಫ್ಟ್‌ವೇರಿನ ಕಟ್ಟಡದ ನಕ್ಷೆ, ಹುಟ್ಟಿದ್ದು ಈ ನಾಲ್ಕು ಮಾತುಗಳಿಂದ. ಲಕ್ಷ ಬಳಕೆದಾರರು ಒಮ್ಮೆಲೇ ಬಂದರೆ ಏನು ಮಾಡೋದು ಅನ್ನುವ ಪ್ರಶ್ನೆ ಇದರಲ್ಲಿ ಇಲ್ಲವೇ ಇಲ್ಲ.

ಆಫೀಸಿನ ಕೆಲಸವೆಲ್ಲ ಒಂದೇ ಪ್ರೋಗ್ರಾಂ. ಜಾವಾದಲ್ಲಿ ಬರೆದಿದ್ದೇವೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಿಂದ ಬರುವ ಹುಡುಗ ಹುಡುಗಿಯರಿಗೆ ಜಾವಾ ಗೊತ್ತಿರುತ್ತದೆ, ನಾಳೆ ಒಬ್ಬರನ್ನು ಸೇರಿಸಿಕೊಂಡರೆ ಕಲಿಸುವ ಕೆಲಸ ಕಡಿಮೆ. ಭಾಷೆ ಆರಿಸಲು ಇದಕ್ಕಿಂತ ದೊಡ್ಡ ಕಾರಣ ನಮಗೆ ಬೇಕಿರಲಿಲ್ಲ. ಪ್ರೋಗ್ರಾಂ ಒಂದೇ ಆದರೂ ಒಳಗೆ ಭಾಗಗಳಿವೆ. ಹಳೇ ವಾಡೆಯ ಹಾಗೆ ಅನ್ನಿ. ಮಾಳಿಗೆ ಒಂದೇ, ಅಣ್ಣತಮ್ಮಂದಿರ ಒಲೆ ಬೇರೆ ಬೇರೆ. ಇನ್ನೊಬ್ಬರ ಅಡುಗೆಮನೆಗೆ ನುಗ್ಗಿ ಡಬ್ಬಿ ತೆರೆಯುವಂತಿಲ್ಲ, ಬೇಕಾದ್ದನ್ನು ಬಾಗಿಲಲ್ಲಿ ನಿಂತು ಕೇಳಬೇಕು. ಇಂಥದ್ದಕ್ಕೆ ಮಾಡ್ಯುಲರ್ ಮಾನೊಲಿತ್ ಅಂತಾರೆ, ಒಳಗಿನ ಒಂದೊಂದು ಭಾಗಕ್ಕೆ ಮಾಡ್ಯೂಲ್ ಅಂತಾರೆ.

ಭಾಗ ಮಾಡುವುದು ಹೇಗೆ ಅನ್ನುವುದರ ಮೇಲೆ ನಾವಿಬ್ಬರೂ ಬಹಳ ಜಗಳ ಆಡಿದ್ದೇವೆ. ಜೊತೆಗಾರ ಮೊದಲು ಬರೆದ ಚಿತ್ರದಲ್ಲಿ ಮಾಲು ಹೋಗುವ ದಾರಿಯೇ ಮಾಡ್ಯೂಲುಗಳಾಗಿದ್ದವು: ಗೇಟು, ತಪಾಸಣೆ, ಖರೀದಿ, ಮಿಲ್ಲಿಂಗ್, ಪ್ಯಾಕಿಂಗ್, ಮಾರಾಟ. ನೋಡಲು ಚೆಂದ. ಸಾಹುಕಾರರಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಆದರೆ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಒಂದು ಚಿಕ್ಕ ಪ್ರಬಂಧದಲ್ಲಿ ಇದನ್ನೇ ಬೇಡ ಅಂದಿದ್ದರು. ಕೆಲಸದ ಹಂತಗಳನ್ನು ನೋಡಿ ಕತ್ತರಿಸಬೇಡಿ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲಿನ ಒಳಗೆ ಬಚ್ಚಿಡಿ. ಅವರು ಹೇಳಿದ್ದು ಇಷ್ಟೇ.

ತೇವಾಂಶದ ಕಡಿತ ತೆಗೆದುಕೊಳ್ಳಿ. ಒಂದು ಮಿಲ್ಲಿನಲ್ಲಿ ಮಿತಿಗಿಂತ ಮೇಲಿನ ಪ್ರತಿ ಅಂಶಕ್ಕೆ ಇಷ್ಟು ಕೆಜಿ ಅಂತ ತೂಕದಲ್ಲಿ ಕಳೆಯುತ್ತಾರೆ. ಪಕ್ಕದ ಮಿಲ್ಲಿನಲ್ಲಿ ತೂಕ ಮುಟ್ಟುವುದಿಲ್ಲ, ದರ ಇಳಿಸುತ್ತಾರೆ. ಹಂತಗಳ ಪ್ರಕಾರ ಕತ್ತರಿಸಿದ್ದರೆ ಈ ಲೆಕ್ಕ ತಪಾಸಣೆಗೂ ಗೊತ್ತಿರಬೇಕು, ಖರೀದಿಗೂ ಗೊತ್ತಿರಬೇಕು, ಪಟ್ಟಿ ಮುದ್ರಿಸುವ ಕೋಡಿಗೂ ಗೊತ್ತಿರಬೇಕು. ಹೊಸ ಮಿಲ್ಲು ಹೊಸ ಪದ್ಧತಿ ಹೇಳಿದ ದಿನ ಮೂರು ಕಡೆ ಕೈ ಹಾಕಬೇಕು. ಈಗ ಕಡಿತ ಅನ್ನುವುದೇ ಒಂದು ಮಾಡ್ಯೂಲ್. ಅದಕ್ಕೆ ತಪಾಸಣೆಯ ಅಂಕಿ, ತೂಕ, ದರ ಕೊಟ್ಟರೆ ಕೈಗೆ ಬರುವ ಮೊತ್ತ ಮತ್ತು ಅದರ ವಿವರಣೆಯ ಸಾಲುಗಳು ವಾಪಸ್ ಬರುತ್ತವೆ. ಒಳಗೆ ಏನು ನಡೆಯಿತು ಅಂತ ಬೇರೆ ಯಾರೂ ಕೇಳುವುದಿಲ್ಲ. ಇದೇ ರೀತಿ ನೋಡುತ್ತಾ ಹೋದಾಗ ಕಾಂಟಾ, ಕಡಿತ, ದಾಸ್ತಾನು, ಖಾತೆ, ತೆರಿಗೆ, ಬಿಲ್ಲು ಅಂತ ಭಾಗಗಳಾದವು.

ಬಾಗಿಲು ಇಟ್ಟರೆ ಸಾಲದು, ಕಾಯಬೇಕು. ಡೆಡ್‌ಲೈನ್ ಹತ್ತಿರ ಬಂದಾಗ ಎಂಥ ಶಿಸ್ತಿನವನೂ ಬೇರೆ ಮಾಡ್ಯೂಲಿನ ಟೇಬಲ್ ಮೇಲೆ ಒಂದು ಜಾಯಿನ್ ಹಾಕಿ ಅದರ ಅಂಕಿಗಳನ್ನು ನೇರವಾಗಿ ಎಳೆದುಕೊಂಡುಬಿಡುತ್ತಾನೆ. ಹಾಗಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಮಾಡ್ಯೂಲಿನ ಟೇಬಲುಗಳಿಗೆ ತನ್ನದೇ ಸ್ಕೀಮಾ, ಅಂದರೆ ಬೇರೆ ಕೋಣೆ, ಕೊಟ್ಟಿದ್ದೇವೆ. ಒಂದು ಮಾಡ್ಯೂಲಿನ ಫೋಲ್ಡರಿನಲ್ಲಿ ಬೇರೆ ಸ್ಕೀಮಾದ ಹೆಸರು ಕಂಡರೆ ಬಿಲ್ಡ್ ಕೆಂಪಾಗುತ್ತದೆ, ಅಂದರೆ ಪ್ರೋಗ್ರಾಂ ತಯಾರಾಗುವುದೇ ಇಲ್ಲ. ಯಾವ ಪ್ಯಾಕೇಜು ಯಾವುದನ್ನು ಕರೆಯಬಹುದು ಅನ್ನುವುದನ್ನು ಆರ್ಕ್‌ಯೂನಿಟ್ ಅನ್ನುವ ಜಾವಾ ಉಪಕರಣದಲ್ಲಿ ಟೆಸ್ಟ್ ಆಗಿ ಬರೆದಿದ್ದೇವೆ. ಒಂದೇ ಒಂದು ಕಡೆ ಸಡಿಲ ಬಿಟ್ಟಿದ್ದೇವೆ, ಅದು ವರದಿಗಳಿಗೆ. ಎಲ್ಲ ಕಡೆಯಿಂದ ಅಂಕಿ ಸೇರಿಸದೆ ವರದಿ ಆಗುವುದಿಲ್ಲವಲ್ಲ. ಅದಕ್ಕೆ ಪ್ರತಿ ಮಾಡ್ಯೂಲ್ ಕೆಲವು ವ್ಯೂಗಳನ್ನು, ಅಂದರೆ ಓದಲು ಮಾತ್ರ ಇಟ್ಟ ನೋಟಗಳನ್ನು, ಹೊರಗೆ ಇಡುತ್ತದೆ, ವರದಿ ಅವನ್ನು ಮಾತ್ರ ಓದಬಹುದು.

ಒಂದೇ ಪ್ರೋಗ್ರಾಂ ಆಗಿರುವುದರ ದೊಡ್ಡ ಲಾಭ ಟ್ರಾನ್ಸಾಕ್ಷನ್. ಖರೀದಿ ಮುಗಿದಾಗ ದಾಸ್ತಾನು ಏರಬೇಕು, ರೈತರ ಖಾತೆಗೆ ಜಮೆ ಆಗಬೇಕು, ಹಮಾಲಿ ಖಾತೆಗೆ ಬೀಳಬೇಕು. ಎಲ್ಲ ಒಟ್ಟಿಗೆ ಆಗಬೇಕು, ಇಲ್ಲವೇ ಯಾವುದೂ ಆಗಬಾರದು. ಒಂದೇ ಡೇಟಾಬೇಸಿನಲ್ಲಿ ಇದು ಕಮಿಟ್ ಅನ್ನುವ ಒಂದು ಮಾತು. ಬೇರೆ ಬೇರೆ ಸರ್ವಿಸ್ ಮಾಡಿದ್ದರೆ ಅರ್ಧ ಆದದ್ದನ್ನು ಹಿಂದಕ್ಕೆ ತಿರುಗಿಸುವ ಕೋಡನ್ನು ನಾವೇ ಬರೆಯಬೇಕಿತ್ತು. ಒಂದೇ ಪ್ರೋಗ್ರಾಮಿನೊಳಗೆ ಒಂದು ಭಾಗ ಇನ್ನೊಂದನ್ನು ಕರೆಯುವ ಫಂಕ್ಷನ್ ಕರೆಗೆ ನ್ಯಾನೋಸೆಕೆಂಡುಗಳು ಸಾಕು, ನೆಟ್‌ವರ್ಕ್ ಮೇಲೆ ಅದೇ ಕರೆಗೆ ಮಿಲಿಸೆಕೆಂಡ್ ಬೇಕು. ಆದರೆ ನನ್ನ ಆಕ್ಷೇಪ ವೇಗದ ಮೇಲಲ್ಲ. ಫಂಕ್ಷನ್ ಕರೆದರೆ ಆಯ್ತು ಅಥವಾ ಆಗಲಿಲ್ಲ ಅಂತ ಎರಡೇ ಉತ್ತರ. ನೆಟ್‌ವರ್ಕ್ ಮೂರನೆಯ ಉತ್ತರವನ್ನೂ ಕೊಡುತ್ತದೆ: ಆಯ್ತೋ ಇಲ್ವೋ ಗೊತ್ತಿಲ್ಲ. ಆ ಮೂರನೆಯ ಉತ್ತರ ಎಲ್ಲೆಲ್ಲಿ ಬರಬಹುದೋ ಅಲ್ಲೆಲ್ಲ ಕೋಡ್ ಜಾಸ್ತಿ, ರಾತ್ರಿ ಫೋನ್ ಜಾಸ್ತಿ.

ಆ ಉತ್ತರವನ್ನು ನಾವು ಬೇಕಂತಲೇ ಒಪ್ಪಿಕೊಂಡಿರುವುದು ಒಂದೇ ಕಡೆ, ಕಾಂಟಾದಲ್ಲಿ.

ಕಾಂಟಾದ ಕೋಣೆ ಗೇಟಿನ ಹತ್ತಿರ ಇರುತ್ತದೆ, ಆಫೀಸು ದೂರ. ನಡುವಿನ ಕೇಬಲನ್ನು ಲಾರಿ ಹರಿಯಬಹುದು, ಇಲಿ ಕಡಿಯಬಹುದು. ಆಫೀಸಿನ ಸರ್ವರ್ ನಿಂತಿದೆ ಅಂತ ತೂಕ ನಿಲ್ಲಬಾರದು. ಹಾಗಾಗಿ ಕಾಂಟಾ ಪ್ರೋಗ್ರಾಂ ಬೇರೆ, ಅದರ ಕಂಪ್ಯೂಟರ್ ಬೇರೆ, ಅದರ ಡೇಟಾಬೇಸೂ ಬೇರೆ. ಇದೇ ನಮ್ಮ ಎರಡನೆಯ ಸರ್ವಿಸ್. ಇವೆರಡರಲ್ಲಿ ಒಂದು ಕೆಟ್ಟಾಗ ಇನ್ನೊಂದು ನಡೆಯಲೇಬೇಕು, ಒಡೆಯಲು ಅದೇ ಕಾರಣ. ಬೇರೆ ಯಾವ ಮಾಡ್ಯೂಲಿಗೂ ಈ ಮಾತು ಅನ್ವಯಿಸುವುದಿಲ್ಲ. ತೆರಿಗೆ ಮಾಡ್ಯೂಲ್ ಸತ್ತು ಬಿಲ್ಲು ಬದುಕಿದ್ದು ಏನು ಮಾಡಬೇಕು ಹೇಳಿ?

ಫ್ಯಾನ್ ಇಲ್ಲದ ಚಿಕ್ಕ ಡಬ್ಬಿ ಕಂಪ್ಯೂಟರ್ ಅಲ್ಲಿ ಕೂತಿದೆ. ಮಿಲ್ಲಿನ ಹೊಟ್ಟಿನ ಧೂಳು ಫ್ಯಾನ್ ಇರುವ ಯಾವುದನ್ನೂ ಬಹಳ ಕಾಲ ಉಳಿಸುವುದಿಲ್ಲ. ಮೇ ತಿಂಗಳ ಕಲಬುರಗಿ ಬಿಸಿಲಿನ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ. ಒಳಗೆ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್, ವಾಲ್ ಮೋಡಿನಲ್ಲಿ, ಅಂದರೆ ಬದಲಾವಣೆಯನ್ನು ಮೊದಲು ಒಂದು ದಾಖಲೆ ಫೈಲಿಗೆ ಬರೆಯುವ ರೀತಿಯಲ್ಲಿ. ಇಲ್ಲೊಂದು ಸಣ್ಣ ಸಂಗತಿ ಗಮನಿಸಬೇಕು. ವಾಲ್ ಮೋಡಿನಲ್ಲಿ ಸಿಂಕ್ರೊನಸ್ ಅನ್ನುವ ಸೆಟ್ಟಿಂಗನ್ನು ನಾರ್ಮಲ್ ಇಟ್ಟರೆ ವೇಗ ಜಾಸ್ತಿ, ಫೈಲೂ ಕೆಡುವುದಿಲ್ಲ. ಆದರೆ ಕರೆಂಟ್ ಹೋದ ಕ್ಷಣದ ಕೊನೆಯ ಒಂದೆರಡು ಕಮಿಟ್ ಮಾಯವಾಗಬಹುದು. ಆ ಕೊನೆಯ ಕಮಿಟ್ ಯಾರದೋ ಒಂದು ಲಾರಿ ತೊಗರಿಯ ತೂಕ. ನಾವು ಫುಲ್ ಇಟ್ಟಿದ್ದೇವೆ. ಮೂರು ನಿಮಿಷಕ್ಕೆ ಒಂದು ಸಾಲು ಬರೆಯುವ ಪ್ರೋಗ್ರಾಮಿಗೆ ವೇಗ ಯಾಕೆ?

ತೂಕ ಬಿದ್ದ ಕೂಡಲೇ ಕಾಂಟಾ ಪ್ರೋಗ್ರಾಂ ಅದಕ್ಕೆ ಒಂದು ಯುಯುಐಡಿ, ಅಂದರೆ ಬೇರೆ ಯಾವುದಕ್ಕೂ ಸಿಗದ ಗುರುತಿನ ಸಂಖ್ಯೆ, ಕೊಡುತ್ತದೆ, ತನ್ನಲ್ಲಿ ಬರೆದುಕೊಳ್ಳುತ್ತದೆ, ಚೀಟಿ ಮುದ್ರಿಸುತ್ತದೆ. ಲಾರಿ ಮುಂದೆ ಹೋಯಿತು. ಆಮೇಲೆ ನಿಧಾನಕ್ಕೆ, ನೆಟ್‌ವರ್ಕ್ ಇದ್ದಾಗ, ಆ ಸಾಲನ್ನು ಆಫೀಸಿಗೆ ಕಳಿಸುತ್ತದೆ. ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ. ಅದೇ ಯುಯುಐಡಿ ಎರಡನೇ ಸಲ ಬಂದರೆ ಒಂದೇ ಗುರುತು ಎರಡು ಸಲ ಇರಬಾರದು ಅನ್ನುವ ಆಫೀಸಿನ ಟೇಬಲಿನ ಯೂನಿಕ್ ಕಟ್ಟು ಅದನ್ನು ಮತ್ತೆ ಸೇರಿಸುವುದಿಲ್ಲ, "ಬಂದಿದೆ" ಅಂತ ಉತ್ತರ ಹೋಗುತ್ತದೆ. ಜನರ ಕೈಯಲ್ಲಿರುವ ಚೀಟಿಗೆ ಉದ್ದದ ಯುಯುಐಡಿ ಹಾಕಲಾಗುವುದಿಲ್ಲ, ಅದಕ್ಕೆ ಪ್ರತಿ ಕಾಂಟಾಗೂ ತನ್ನದೇ ಅಕ್ಷರ ಮತ್ತು ತನ್ನದೇ ಓಡುವ ಸಂಖ್ಯೆ. ಆಫೀಸಿನಲ್ಲಿ 41 ಆದ ಮೇಲೆ 43 ಬಂದರೆ 42 ಇನ್ನೂ ದಾರಿಯಲ್ಲಿದೆ ಅಂತ ಪರದೆಯ ಮೇಲೆ ಕಾಣುತ್ತದೆ. ಕಾಂಟಾದ ಗಡಿಯಾರ ಹಿಂದೆ ಮುಂದೆ ಆಗುತ್ತದೆ, ಆದ್ದರಿಂದ ತೂಗಿದ ಸಮಯ, ಆಫೀಸಿಗೆ ತಲುಪಿದ ಸಮಯ ಎರಡನ್ನೂ ಇಡುತ್ತೇವೆ.

ತೂಕದ ಯಂತ್ರದ ಜೊತೆ ಮಾತಾಡುವುದೇ ಒಂದು ವಿದ್ಯೆ. ಹೆಚ್ಚಿನವು ಆರ್‌ಎಸ್-232 ಸೀರಿಯಲ್ ಪೋರ್ಟಿನಲ್ಲಿ ಅಂಕಿ ಕಳಿಸುತ್ತವೆ. ಒಂದು ಕಂಪನಿಯ ಯಂತ್ರ ನಿಲ್ಲದೆ ಸುರಿಯುತ್ತಲೇ ಇರುತ್ತದೆ, ಇನ್ನೊಂದು ಕೇಳಿದರೆ ಮಾತ್ರ ಹೇಳುತ್ತದೆ. ಒಂದು ತೂಕ ನಿಂತಿದೆ ಅನ್ನುವ ಗುರುತು ಜೊತೆಗೆ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ, ಆಗ ಕೊನೆಯ ಕೆಲವು ಅಂಕಿ ಒಂದೇ ಇದೆಯಾ ಅಂತ ನಾವೇ ನೋಡಬೇಕು. ಪ್ರೋಗ್ರಾಮಿನ ಒಳಗಿನವರಿಗೆ ಬೇಕಿರುವುದು "ನಿಂತ ತೂಕ ಕೊಡು" ಅನ್ನುವ ಒಂದೇ ಮಾತು. ಆ ಮಾತು ಒಂದು ಇಂಟರ್‌ಫೇಸ್. ಪ್ರತಿ ತರಹದ ಯಂತ್ರಕ್ಕೆ ಅದರ ಹಿಂದೆ ಒಂದು ಅಡಾಪ್ಟರ್, ಅಂದರೆ ಆ ಯಂತ್ರದ ಭಾಷೆ ತಿಳಿದ ಸಣ್ಣ ಕೋಡ್. ಹೊಸ ಮಿಲ್ಲಿಗೆ ಹೋದಾಗ ನಾನು ಮೊದಲು ಮಾಡುವುದು, ಆ ಯಂತ್ರ ಕಳಿಸುವ ಬೈಟುಗಳನ್ನು ಒಂದು ಫೈಲಿಗೆ ತುಂಬಿಕೊಳ್ಳುವುದು. ಖಾಲಿ ಕಾಂಟಾ, ಲಾರಿ ಹತ್ತುವಾಗ, ನಿಂತಾಗ, ಇಳಿಯುವಾಗ. ಆಮೇಲೆ ಮನೆಯಲ್ಲಿ ಕೂತು ಆ ಫೈಲನ್ನೇ ಯಂತ್ರದ ಬದಲು ಓಡಿಸಿ ಅಡಾಪ್ಟರ್ ಬರೆಯಬಹುದು. ಲಾರಿ ಬೇಡ, ಧೂಳು ಬೇಡ.

ದಾಸ್ತಾನಿನ ವಿನ್ಯಾಸ ನಮಗೆ ಕಲಿಸಿದವರು ಒಬ್ಬ ವಯಸ್ಸಾದ ಮುನೀಮರು. ನಾವು ಅವರ ಕಿರ್ದಿ (ದಿನದ ಲೆಕ್ಕದ) ಪುಸ್ತಕ ತಿರುವಿ ಹಾಕುತ್ತಿದ್ದೆವು. ಎಲ್ಲೂ ಒಂದು ಅಕ್ಷರ ಹೊಡೆದು ಹಾಕಿರಲಿಲ್ಲ. ಕೇಳಿದ್ದಕ್ಕೆ, "ಬರದದ್ದು ಅಳಸಬಾರದ್ರಿ ಸರ್. ತಪ್ಪಿದ್ರ ಕೆಳಗ ಇನ್ನೊಂದು ಸಾಲು ಉಲ್ಟಾ ಬರೀಬೇಕು" ಅಂದರು. ನಮ್ಮ ದಾಸ್ತಾನು ಮಾಡ್ಯೂಲಿನಲ್ಲಿ ಈಗ "ಉಳಿದ ಮಾಲು" ಅನ್ನುವ ಕಾಲಮ್ ಇಲ್ಲ. ಬಂದದ್ದು, ಹೋದದ್ದು, ಒಡೆದದ್ದು ಅಂತ ಸಾಲುಗಳು ಮಾತ್ರ. ಸೇರಿಸಬಹುದು, ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಉಳಿದದ್ದು ಎಷ್ಟು ಅಂತ ಕೂಡಿ ಕಳೆದು ಹೇಳುತ್ತೇವೆ. ಪ್ರತಿ ಸಲ ಮೊದಲಿನಿಂದ ಕೂಡುವುದು ಬೇಡ ಅಂತ ರಾತ್ರಿ ಒಂದು ಮೊತ್ತ ತೆಗೆದಿಡುತ್ತೇವೆ. ಅದು ಕಳೆದುಹೋದರೂ ಚಿಂತೆಯಿಲ್ಲ, ಮತ್ತೆ ಕೂಡಬಹುದು.

ಇದರ ಬೆಲೆ ಗೊತ್ತಾದದ್ದು 2023ರಲ್ಲಿ. ಆ ವರ್ಷ ಜೂನ್ 2ರಂದು ಕೇಂದ್ರ ಸರ್ಕಾರ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿಗೆ ಒಂದೊಂದು ಬೇಳೆಗೆ 200 ಟನ್. ಮಿಲ್ಲಿನವರಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವರ್ಷದ ಸಾಮರ್ಥ್ಯದ ಶೇ. 25, ಇದರಲ್ಲಿ ಯಾವುದು ಹೆಚ್ಚೋ ಅದು. ಸೆಪ್ಟೆಂಬರಿನಲ್ಲಿ ಅದನ್ನೇ ಬಿಗಿ ಮಾಡಿ ಒಂದು ತಿಂಗಳ ಉತ್ಪಾದನೆ ಅಥವಾ ಶೇ. 10 ಅಂದರು, ಸಗಟಿನವರಿಗೆ 50 ಟನ್. ಇರುವ ದಾಸ್ತಾನನ್ನು ಸರ್ಕಾರದ ಪೋರ್ಟಲಿನಲ್ಲಿ ತೋರಿಸಬೇಕಿತ್ತು. ಮಿಲ್ಲುಗಳಿಂದ ಬಂದ ಪ್ರಶ್ನೆಗಳು ಹೀಗಿದ್ದವು: ಇಂಥ ತಾರೀಖಿಗೆ ನಮ್ಮಲ್ಲಿ ಎಷ್ಟಿತ್ತು? ಕಳೆದ ತಿಂಗಳುಗಳಲ್ಲಿ ಎಷ್ಟು ಒಡೆದೆವು? ಉಳಿದ ಮಾಲನ್ನು ಒಂದೇ ಅಂಕಿಯಾಗಿ ಇಟ್ಟುಕೊಂಡ ವ್ಯವಸ್ಥೆಗೆ ಇವತ್ತಿನದು ಮಾತ್ರ ಗೊತ್ತಿರುತ್ತದೆ. ನಮ್ಮಲ್ಲಿ ತಾರೀಖಿನವರೆಗಿನ ಸಾಲುಗಳನ್ನು ಕೂಡಿದರೆ ಆಯಿತು. ಹೊಸ ಟೇಬಲ್ ಒಂದೂ ಬೇಕಾಗಲಿಲ್ಲ, ಒಂದು ವರದಿ ಮಾತ್ರ ಬರೆದೆವು.

ತೆರಿಗೆಯ ಕಥೆ ಇನ್ನೂ ಸ್ವಾರಸ್ಯ. ದರ ಬದಲಾಗುತ್ತದೆ, ಹಾಗಾಗಿ ದರಗಳಿಗೆ ಒಂದು ಟೇಬಲ್ ಇಟ್ಟು ಜಾರಿಯ ತಾರೀಖು ಬರೆದರೆ ಸಾಕು ಅಂತ ಬಹಳ ಕಡೆ ನೋಡುತ್ತೇವೆ. 2022ರ ಜುಲೈ 18ರಂದು ಬದಲಾದದ್ದು ದರ ಅಲ್ಲ, ಪ್ರಶ್ನೆ. ಅದಕ್ಕೂ ಮೊದಲು ಬೇಳೆಗೆ ಶೇ. 5 ಜಿಎಸ್‌ಟಿ ಬೀಳುತ್ತದಾ ಅನ್ನುವುದು ಪೊಟ್ಟಣದ ಮೇಲೆ ನೋಂದಾಯಿತ ಬ್ರ್ಯಾಂಡ್ ಇದೆಯಾ ಅನ್ನುವುದರ ಮೇಲೆ ನಿಂತಿತ್ತು. ಆ ದಿನದಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಾ, ಪ್ಯಾಕಿನ ತೂಕ 25 ಕೆಜಿ ಒಳಗಾ ಅಂತಾಯಿತು. 25 ಕೆಜಿ ಚೀಲಕ್ಕೆ ತೆರಿಗೆ ಉಂಟು, 30 ಕೆಜಿ ಚೀಲಕ್ಕೆ ಇಲ್ಲ. ಅಂಗಡಿಯಲ್ಲಿ ಮಾರುವ 10 ಕೆಜಿಯ ಹತ್ತು ಪೊಟ್ಟಣಗಳನ್ನು ಒಂದು ದೊಡ್ಡ ಚೀಲಕ್ಕೆ ತುಂಬಿದರೆ? ಅದಕ್ಕೂ ತೆರಿಗೆ ಬೀಳುತ್ತದೆ. ಅಂದರೆ ಮಾಲಿನ ವಿವರದಲ್ಲಿ ಒಳಗಿನ ಪೊಟ್ಟಣ, ಹೊರಗಿನ ಚೀಲ ಎರಡೂ ಬೇರೆ ಬೇರೆಯಾಗಿ ಇರಬೇಕು. ಎಷ್ಟು ಕಾಲಮ್ ಇರುವ ದರಪಟ್ಟಿ ಮಾಡಿದ್ದರೂ ಇದು ಅದರಲ್ಲಿ ಕೂರುತ್ತಿರಲಿಲ್ಲ.

ತೆರಿಗೆ ಮಾಡ್ಯೂಲಿನ ಬಾಗಿಲು ಹೀಗಿದೆ: ಮಾಲಿನ ವಿವರ, ಪ್ಯಾಕಿಂಗ್, ಬಿಲ್ಲಿನ ತಾರೀಖು ಕೊಡಿ, ತೆರಿಗೆಯ ಸಾಲುಗಳು ಸಿಗುತ್ತವೆ. ಒಳಗೆ ತಾರೀಖಿಗೆ ತಕ್ಕ ನಿಯಮ ಒಂದು ಕ್ಲಾಸ್. ಹಳೆಯದನ್ನು ಅಳಿಸುವುದಿಲ್ಲ, ಹೊಸದನ್ನು ಪಕ್ಕದಲ್ಲಿ ಇಡುತ್ತೇವೆ. ಜುಲೈ 17ರ ಬಿಲ್ಲಿಗೆ ಮಾಲು ವಾಪಸ್ ಬಂದರೆ ಜುಲೈ 17ರ ನಿಯಮವೇ ಓಡಬೇಕಲ್ಲ. ಬಿಲ್ಲಿನ ಸಾಲಿನಲ್ಲಿ ಯಾವ ನಿಯಮ ಹಾಕಿದೆವು ಅನ್ನುವುದನ್ನೂ ಬರೆದಿಡುತ್ತೇವೆ.

ಇ-ಇನ್‌ವಾಯ್ಸ್ ಬಗ್ಗೆ ಎರಡು ಮಾತು. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ಬೇರೆ ವ್ಯಾಪಾರಿಗೆ ಕೊಡುವ ತೆರಿಗೆ ಬಿಲ್ಲನ್ನು ಸರ್ಕಾರದ ಪೋರ್ಟಲಿಗೆ ಕಳಿಸಿ ಐಆರ್‌ಎನ್ ಅನ್ನುವ ನೋಂದಣಿ ಸಂಖ್ಯೆ ಪಡೆಯಬೇಕು. ಇದು ಹೊರಗಿನ ನೆಟ್‌ವರ್ಕ್, "ಗೊತ್ತಿಲ್ಲ" ಅನ್ನುವ ಉತ್ತರ ಇಲ್ಲಿ ಖಚಿತ. ಅದೃಷ್ಟಕ್ಕೆ, ಐಆರ್‌ಎನ್ ಅನ್ನುವುದು ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಇವುಗಳಿಂದ ಲೆಕ್ಕ ಹಾಕಿ ಹುಟ್ಟಿಸುವ 64 ಅಕ್ಷರದ ಹ್ಯಾಶ್, ಅದೇ ವಿವರ ಕೊಟ್ಟರೆ ಅದೇ ಹ್ಯಾಶ್. ಅದೇ ಬಿಲ್ಲು ಎರಡು ಸಲ ಹೋದರೆ ಇದು ಆಗಲೇ ಇದೆ ಅಂತ ಪೋರ್ಟಲ್ ತಿರಸ್ಕರಿಸುತ್ತದೆ. ಹಾಗಾಗಿ ಬಿಲ್ಲಿನ ಜೊತೆ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಔಟ್‌ಬಾಕ್ಸ್ (ಕಳಿಸಬೇಕಾದವುಗಳ) ಟೇಬಲಿಗೆ ಒಂದು ಸಾಲು ಹಾಕುತ್ತೇವೆ, ಹಿಂದಿನ ಒಂದು ಕೆಲಸಗಾರ ಥ್ರೆಡ್ ಉತ್ತರ ಸಿಗುವವರೆಗೆ ಕಳಿಸುತ್ತಿರುತ್ತದೆ. ರೈತರಿಗೆ ಹೋಗುವ ಎಸ್‌ಎಂಎಸ್ ಕೂಡ ಇದೇ ದಾರಿಯಲ್ಲಿ.

ಎರಡನೇ ಮಿಲ್ಲು ಗಿರಾಕಿಯಾದಾಗ ಒಂದೇ ಡೇಟಾಬೇಸಿನಲ್ಲಿ ಎಲ್ಲರನ್ನೂ ಇಡೋಣವಾ ಅನ್ನುವ ಮಾತು ಬಂತು. ಪುಸ್ತಕದ ಪ್ರಕಾರ ಅದು ಅಗ್ಗ. ಆದರೆ ಇಬ್ಬರು ಸಾಹುಕಾರರೂ ಒಂದೇ ಗಂಜ್‌ನಲ್ಲಿ ಒಂದೇ ಮಾಲಿಗೆ ಬೆಲೆ ಕೂಗುವವರು. "ನಮ್ಮ ಖರೀದಿ ರೇಟು ಅವ್ರ ಮಶೀನದಾಗ ಇರ್ತದೇನ್ರಿ?" ಅಂದ ಮೇಲೆ ಚರ್ಚೆ ಮುಗಿಯಿತು. ಪ್ರತಿ ಮಿಲ್ಲಿಗೆ ತನ್ನ ಡೇಟಾಬೇಸ್, ತನ್ನ ಬ್ಯಾಕಪ್. ಮೈಗ್ರೇಷನ್, ಅಂದರೆ ಟೇಬಲುಗಳ ಆಕಾರ ಬದಲಿಸುವ ಕೆಲಸ, ಎಲ್ಲ ಕಡೆ ಓಡಿಸಬೇಕು, ಅದು ಬೇಸರ. ಅದಕ್ಕೆ ಫ್ಲೈವೇ ಅನ್ನುವ ಉಪಕರಣ ಇದೆ, ನಡೆಯುತ್ತದೆ.

ಇಂಥ ನಿರ್ಧಾರಗಳನ್ನೆಲ್ಲ ಕೋಡಿನ ಪಕ್ಕದಲ್ಲೇ ಚಿಕ್ಕ ಚಿಕ್ಕ ಫೈಲುಗಳಲ್ಲಿ ಬರೆದಿಡುತ್ತೇವೆ. ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಅಂತ ಇದಕ್ಕೆ ಹೆಸರು. ಸಂದರ್ಭ ಏನಿತ್ತು, ಏನು ನಿರ್ಧರಿಸಿದೆವು, ಅದರಿಂದ ಏನು ಕಷ್ಟ ಸುಖ. ಒಂದು ಪುಟ ಮೀರುವುದಿಲ್ಲ, ಕನ್ನಡದಲ್ಲೇ ಬರೆಯುತ್ತೇವೆ. ನಾವು ಸೇರಿಸಿಕೊಂಡ ಒಂದು ಸಾಲು ಇದೆ: ಏನಾದರೆ ಈ ನಿರ್ಧಾರವನ್ನು ತಿರುಗಿ ನೋಡಬೇಕು. ಒಂದೇ ಪ್ರೋಗ್ರಾಂ ಸಾಕು ಅನ್ನುವ ಫೈಲಿನಲ್ಲಿ ಅದು ಹೀಗಿದೆ: ಇನ್ನೊಂದು ತಂಡ ಬಂದರೆ, ಅಥವಾ ಯಾವುದಾದರೂ ಭಾಗ ಉಳಿದವುಗಳಿಗಿಂತ ಬೇರೆ ಜಾಗದಲ್ಲಿ ಓಡಲೇಬೇಕಾದರೆ. ತಂಡಗಳ ಆಕಾರವೇ ಅವರು ಕಟ್ಟುವ ವ್ಯವಸ್ಥೆಯ ಆಕಾರ ಆಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದಿದ್ದರು. ಇಬ್ಬರು ಹನ್ನೆರಡು ಸರ್ವಿಸ್ ಸಾಕುವುದು ಹೇಗಿರುತ್ತದೆ ಅಂತ ನನಗೆ ಊಹಿಸಲೂ ಇಷ್ಟವಿಲ್ಲ.

ಈಗ ಮೇಜಿನ ಮೇಲಿರುವುದು ಸಾರ್ಟೆಕ್ಸ್ ಪ್ರಶ್ನೆ. ಬಣ್ಣ ನೋಡಿ ಕೆಟ್ಟ ಕಾಳನ್ನು ಊದಿ ತೆಗೆಯುವ ಆ ಯಂತ್ರದ ಎಣಿಕೆಯೂ ನಮ್ಮ ಪರದೆಯಲ್ಲಿ ಬರಲಿ ಅಂತ ಒಂದು ಮಿಲ್ಲಿನವರು ಕೇಳಿದ್ದಾರೆ. ಜೊತೆಗಾರ ಇದಕ್ಕೆ ಮೂರನೇ ಸರ್ವಿಸ್ ಬೇಕು ಅನ್ನುತ್ತಾನೆ, ಯಂತ್ರ ಸೆಕೆಂಡಿಗೆ ಹಲವು ಸಾಲು ಕಳಿಸುತ್ತದಂತೆ. ನಾನು ಕಾಂಟಾ ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನೇ ಅಲ್ಲಿ ಇಟ್ಟು, ಹೊಸ ಅಡಾಪ್ಟರ್ ಹಾಕಿ, ನಿಮಿಷಕ್ಕೊಂದು ಮೊತ್ತ ಮಾತ್ರ ಆಫೀಸಿಗೆ ಕಳಿಸೋಣ ಅನ್ನುತ್ತೇನೆ. ಎಡಿಆರ್ ಫೈಲ್ ತೆರೆದಿದೆ, ಸ್ಥಿತಿ ಅನ್ನುವ ಜಾಗದಲ್ಲಿ ಸದ್ಯಕ್ಕೆ "ಪ್ರಸ್ತಾಪ" ಅಂತಿದೆ. ಮೊದಲು ಆ ಯಂತ್ರದ ಬೈಟುಗಳನ್ನು ಫೈಲಿಗೆ ತುಂಬಿಕೊಂಡು ಬರಬೇಕು, ಆಮೇಲೆ ಜಗಳ.